ಒಂದೇ ಮೇಜಿನ ಸುತ್ತ ಬೆಳೆದ ಚಲನವಿಜ್ಞಾನ

ಮಿದುಳು ಕಂಪ್ಯೂಟರು, ಕೈಕಾಲು ಅದರ ಆಜ್ಞಾಧಾರಕರು, ಅಭ್ಯಾಸವೆಂದರೆ ಸರಿಯಾದ ಪ್ರೋಗ್ರಾಂ ತುಂಬುವುದು: ಕ್ರೀಡಾ ತರಬೇತಿಯಲ್ಲೂ ಫಿಸಿಯೋಥೆರಪಿಯಲ್ಲೂ ಈಗ ಇದೇ ಮಾತು. ಸ್ಕ್ಯಾನಿನಲ್ಲಿ ಮಿದುಳಿನ ಒಂದು ಮೂಲೆ ಕೆಂಪಗೆ ಕಂಡರೆ ನಡಿಗೆಯ ಗುಟ್ಟು ಬಯಲಾಯಿತೆಂದು ನಂಬುವವರಿದ್ದಾರೆ. ಈ ನಂಬಿಕೆಯನ್ನು ನಲವತ್ತು ವರ್ಷಗಳ ಹಿಂದೆಯೇ ಪ್ರಯೋಗದ ಬಲದಿಂದ ಅಲುಗಾಡಿಸಿದ ಪರಂಪರೆಯೊಂದಿದೆ. ಭೌತವಿಜ್ಞಾನಿಗಳು, ಮನೋವಿಜ್ಞಾನಿಗಳು, ಶಿಶುಗಳ ಬೆಳವಣಿಗೆಯನ್ನು ಬಲ್ಲವರು ಒಟ್ಟಿಗೆ ಕೂತು ದಿನಗಟ್ಟಲೆ ವಾದಿಸಿದ ಕಮ್ಮಟಗಳಲ್ಲಿ ಅದು ಬೆಳೆಯಿತು. ಇದನ್ನು ಮರೆತವರು ಆ ಶಾಸ್ತ್ರವನ್ನು ಬರೀ ಗಣಿತದ ಅಲಂಕಾರ ಎಂದು ತಳ್ಳಿಹಾಕುತ್ತಾರೆ.

ಬೇರು ಮಾಸ್ಕೋದಲ್ಲಿದೆ. 1920ರ ದಶಕದಲ್ಲಿ ಶರೀರವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಬೀಸುವ ಕಾರ್ಮಿಕರ ಮೈಗೆ ಪುಟ್ಟ ದೀಪಗಳನ್ನು ಕಟ್ಟಿ ಚಿತ್ರ ತೆಗೆದರು. ನುರಿತವನ ಸುತ್ತಿಗೆ ಪ್ರತಿ ಸಲವೂ ಗುರಿ ಮುಟ್ಟುತ್ತಿತ್ತು, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಬೇರೆ ದಾರಿ ಹಿಡಿಯುತ್ತಿದ್ದವು. ಒಂದೊಂದು ಸ್ನಾಯುವಿಗೂ ಮಿದುಳು ಅಪ್ಪಣೆ ಕೊಡುತ್ತದೆ ಎಂಬ ವಾದಕ್ಕೆ ಅಲ್ಲೇ ಪೆಟ್ಟು ಬಿತ್ತು. ಪಾವ್ಲೋವ್ ಪಂಥದವರ ಕೈ ಮೇಲಾದಾಗ ಬರ್ನ್‌ಸ್ಟೈನ್ ಕೆಲಸ ಕಳೆದುಕೊಂಡರು. ಅವರ ಬರಹ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದದ್ದು 1967ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅತ್ತ ಅಮೆರಿಕದಲ್ಲಿ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್, ನೋಡುವುದನ್ನೂ ನಡೆಯುವುದನ್ನೂ ಬೇರ್ಪಡಿಸಲಾಗದು ಎಂದು ವಾದಿಸುತ್ತಿದ್ದರು. ಡೇವಿಡ್ ಲೀ ಮತ್ತು ಎರಿಕ್ ಆರನ್‌ಸನ್ 1974ರಲ್ಲಿ ಗೋಡೆ ಸರಿಯುವ ಕೋಣೆಯೊಂದನ್ನು ಕಟ್ಟಿದರು. ನೆಲ ಅಲುಗದೆ ಗೋಡೆ ಮಾತ್ರ ಸರಿದರೂ ಆಗತಾನೆ ನಿಲ್ಲಲು ಕಲಿತ ಮಕ್ಕಳು ಓಲಾಡಿದರು, ಕೆಲವರು ಬಿದ್ದೇಬಿಟ್ಟರು.

ಮೂರನೆಯ ಎಳೆ ಲೇಸರಿನಿಂದ ಬಂತು. ಅಸಂಖ್ಯ ಪರಮಾಣುಗಳು ಯಾರ ಅಪ್ಪಣೆಯೂ ಇಲ್ಲದೆ ಒಂದೇ ಲಯಕ್ಕೆ ಬರುವ ಬಗೆಯನ್ನು ಅರಿತಿದ್ದ ಭೌತವಿಜ್ಞಾನಿ ಹರ್ಮನ್ ಹಾಕನ್, 1972ರಿಂದ ಬವೇರಿಯಾದ ಎಲ್ಮೌ ಕೋಟೆಯಲ್ಲಿ ಬೇರೆ ಬೇರೆ ಶಾಸ್ತ್ರದವರನ್ನು ಸೇರಿಸತೊಡಗಿದರು. ಕನೆಕ್ಟಿಕಟ್‌ನಲ್ಲಿ ಮೈಕೆಲ್ ಟರ್ವಿಯ ಬಳಗ ಬರ್ನ್‌ಸ್ಟೈನ್‌ರನ್ನೂ ಗಿಬ್ಸನ್‌ರನ್ನೂ ಒಟ್ಟಿಗೆ ಓದುತ್ತಿತ್ತು. ನಮ್ಮ ಪೀಳಿಗೆಗೆ ಕಣ್ಣು ತೆರೆಸಿದ್ದು ಈ ಎಳೆಗಳು ಕೂಡಿದ ಗಳಿಗೆ.

ಕೂಡಿಸಿದ ಪ್ರಯೋಗವನ್ನು ಓದುಗರು ಈಗಲೇ ಮಾಡಿ ನೋಡಬಹುದು. ಎರಡೂ ತೋರುಬೆರಳುಗಳನ್ನು ಚಾಚಿ, ಕಾರಿನ ವೈಪರ್‌ಗಳಂತೆ ಒಂದೇ ದಿಕ್ಕಿಗೆ ಎಡಕ್ಕೂ ಬಲಕ್ಕೂ ಆಡಿಸಿ. ನಿಧಾನಕ್ಕೆ ವೇಗ ಹೆಚ್ಚಿಸಿ. ಒಂದು ಹಂತ ದಾಟಿದೊಡನೆ ಬೆರಳುಗಳು ತಾವಾಗಿಯೇ ಕನ್ನಡಿಯ ಬಿಂಬದ ಹಾಗೆ ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ ಚಲಿಸತೊಡಗುತ್ತವೆ. ವೇಗ ಇಳಿಸಿದರೂ ಹಳೆಯ ಲಯಕ್ಕೆ ಮರಳುವುದಿಲ್ಲ. ಇದನ್ನು ಅಳೆದು ತೋರಿಸಿದವರು ಸ್ಕಾಟ್ ಕೆಲ್ಸೊ. 1985ರಲ್ಲಿ ಹಾಕನ್, ಕೆಲ್ಸೊ, ಬುಂಜ್ ಮೂವರೂ ಸೇರಿ ಕೇವಲ ಎರಡು ಕೊಸೈನ್ ಪದಗಳ ಸೂತ್ರವೊಂದನ್ನು ಮುಂದಿಟ್ಟರು. ವೇಗ ಹೆಚ್ಚಿದಂತೆ ಎರಡು ಪದಗಳ ಅನುಪಾತ ಇಳಿಯುತ್ತದೆ. ಅದು ಕಾಲು ಭಾಗಕ್ಕಿಂತ ಕೆಳಗೆ ಬಂದರೆ ವೈಪರ್ ಲಯಕ್ಕೆ ನೆಲೆಯೇ ಉಳಿಯುವುದಿಲ್ಲ.

ಅಲಂಕಾರ ಎನ್ನುವವರು ಗಮನಿಸಬೇಕಾದದ್ದು ಇಲ್ಲಿದೆ. ಲಯ ಮುರಿಯುವ ಮುನ್ನವೇ ಏರುಪೇರು ಹೆಚ್ಚಬೇಕು, ಒಮ್ಮೆ ತಪ್ಪಿದ ಬೆರಳು ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಬೇಕು ಎಂದು ಗ್ರೆಗೊರ್ ಶೋನರ್ ಮತ್ತು ಸಂಗಡಿಗರು ಲೆಕ್ಕ ಹಾಕಿ ಹೇಳಿದರು. ಅಳೆದಾಗ ಹಾಗೇ ಕಂಡಿತು. 1990ರಲ್ಲಿ ರಿಚರ್ಡ್ ಶ್ಮಿಟ್ ಮತ್ತು ಜೊತೆಗಾರರು ಪಕ್ಕಪಕ್ಕ ಕೂತ ಇಬ್ಬರಿಗೆ ಒಬ್ಬರ ಕಾಲನ್ನು ಇನ್ನೊಬ್ಬರು ನೋಡುತ್ತ ತಮ್ಮ ಕಾಲು ತೂಗಲು ಹೇಳಿದರು. ಅಲ್ಲೂ ಅದೇ ಜಿಗಿತ. ಎರಡು ಮೈಗಳ ನಡುವೆ ನರದ ನಂಟಿಲ್ಲ, ಇದ್ದದ್ದು ನೋಟದ ನಂಟೊಂದೇ. ಈ ಶಾಸ್ತ್ರದ ಅತಿ ದೊಡ್ಡ ಗೆಲುವು ನನ್ನ ಮಟ್ಟಿಗೆ ಇದೇ.

ಎಸ್ತರ್ ಥೆಲೆನ್ ಇದೇ ದೃಷ್ಟಿಯನ್ನು ಹಸುಗೂಸುಗಳ ಕಡೆ ತಿರುಗಿಸಿದರು. ಹುಟ್ಟಿದ ಮಗುವನ್ನು ಎತ್ತಿ ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಹೆಜ್ಜೆ ಹಾಕುತ್ತದೆ, ಎರಡು ತಿಂಗಳ ಹೊತ್ತಿಗೆ ಬಿಟ್ಟುಬಿಡುತ್ತದೆ. ಮಿದುಳು ಬಲಿತು ಆ ಪ್ರತಿವರ್ತನೆಯನ್ನು ಅದುಮಿತು ಎಂದು ಪಠ್ಯಗಳು ಬರೆದಿದ್ದವು. ಥೆಲೆನ್ 1984ರಲ್ಲಿ ಮಕ್ಕಳನ್ನು ಎದೆಮಟ್ಟ ನೀರಿನಲ್ಲಿ ಹಿಡಿದರು, ಹೆಜ್ಜೆ ಮರಳಿತು. ಪುಟ್ಟ ಕಾಲಿಗೆ ತೂಕ ಕಟ್ಟಿದರು, ಹೆಜ್ಜೆ ಕಡಿಮೆಯಾಯಿತು. ಕಾಲು ದುಂಡಗಾಗಿ ಭಾರವಾಗಿತ್ತು, ಅದನ್ನು ಎತ್ತುವ ಬಲ ಇನ್ನೂ ಬಂದಿರಲಿಲ್ಲ, ಅಷ್ಟೆ. ಲಿಂಡಾ ಸ್ಮಿತ್ ಜೊತೆ ಅವರು ಬರೆದ 1994ರ ಪುಸ್ತಕವನ್ನು ಮಕ್ಕಳ ವೈದ್ಯರೆಲ್ಲ ಓದಬೇಕು.

ಆಮೇಲಿನ ವರ್ಷಗಳಲ್ಲಿ ಸಮ್ಮೇಳನಗಳು ಹಿರಿದಾದವು, ಚರ್ಚೆ ಕಿರಿದಾಯಿತು. ಹದಿನೈದು ನಿಮಿಷದ ಭಾಷಣ, ಪೋಸ್ಟರು, ಕಾಫಿ. ಒಬ್ಬರ ಪ್ರಯೋಗವನ್ನು ಇನ್ನೊಬ್ಬರು ಕೈಯಾರೆ ಮಾಡಿ ನೋಡುವ ರೂಢಿ ಸೊರಗಿತು. ಪ್ರಯೋಗಕ್ಕೆ ಒಳಗಾದವರು ಕೂಡ ಬಹುಪಾಲು ಕುರ್ಚಿಯಲ್ಲಿ ಕೂತು ಬೆಳೆದ ವಿದ್ಯಾರ್ಥಿಗಳು. ಚಕ್ಕಳಮಕ್ಕಳ ಹಾಕಿ ಉಣ್ಣುವ, ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ನಾಟಿ ಮಾಡುವ, ತಲೆಯ ಮೇಲೆ ಬಿಂದಿಗೆ ಹೊತ್ತು ಏರು ಹತ್ತುವ ಮೈ ಈ ಶಾಸ್ತ್ರದ ಪುಟಗಳಲ್ಲಿ ಅಪರೂಪ. ಹೊಸ ಲಯ ಕಲಿತಾಗ ಹಳೆಯ ಲಯಗಳ ನೆಲೆಯೂ ಬದಲಾಗುತ್ತದೆ ಎಂದು ಜಾನೋನ್ ಮತ್ತು ಕೆಲ್ಸೊ 1992ರಲ್ಲಿ ತೋರಿಸಿದರು. ಬಲಗೈ ಒಂದು ನಡೆ, ಎಡಗೈ ಇನ್ನೊಂದು ನಡೆ ಹಿಡಿಯುವ ಮೃದಂಗ ವಿದ್ವಾಂಸರ ಶಿಷ್ಯರಲ್ಲಿ ಇದನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಬಹುದು.

ಬೆಂಗಳೂರಿನಲ್ಲಿ ಇದಕ್ಕೆ ಬೇಕಾದವರೆಲ್ಲ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣ್ಣು, ಕೈಗಳ ಚಲನೆಯ ಅಧ್ಯಯನ ನಡೆದಿದೆ. ನಿಮ್ಹಾನ್ಸ್‌ನ ವೈದ್ಯರು ಪಾರ್ಕಿನ್ಸನ್ ರೋಗಿಗಳ ತಡವರಿಸುವ ಹೆಜ್ಜೆಯನ್ನು ದಿನವೂ ನೋಡುತ್ತಾರೆ. ಇವರನ್ನೂ ಗಣಿತದವರನ್ನೂ ಫಿಸಿಯೋಥೆರಪಿಸ್ಟ್‌ಗಳನ್ನೂ ಲಯ ಬಲ್ಲ ಕಲಾವಿದರನ್ನೂ ಒಂದು ವಾರ ಒಂದೇ ಕೋಣೆಯಲ್ಲಿ ಕೂರಿಸಿ. ಭಾಷಣ ಬೇಡ, ಒಂದು ಮೆಟ್ರೊನೋಮ್, ಒಂದು ಕ್ಯಾಮೆರಾ, ಒಂದು ಮೃದಂಗ, ಹಾಸಿದ ಜಮಖಾನ ಇದ್ದರೆ ಸಾಕು. ಹೊಸ ಸ್ಕ್ಯಾನರಿಗೆ ಹಣ ಮಂಜೂರು ಮಾಡುವವರು ಅದರ ಒಂದು ಸಣ್ಣ ಪಾಲನ್ನು ಇಂಥ ಕಮ್ಮಟಕ್ಕೆ ತೆಗೆದಿಡಲಿ.