ಪೆನ್‌ಡ್ರೈವಿನಲ್ಲಿ ಉಳಿದ ಅಕ್ಷರಗಳು

ವಿಜಯವಾಡದ ಏಲೂರು ರಸ್ತೆಗೆ ಕಾರ್ಲ್ ಮಾರ್ಕ್ಸ್ ರಸ್ತೆ ಎಂಬ ಇನ್ನೊಂದು ಹೆಸರಿದೆ. ತೆಲುಗು ಓದುಗರಿಗೆ ಮಾತ್ರ ಅದು ಪ್ರಕಾಶಕರ ರಸ್ತೆ. ಬೆಜವಾಡ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಿಂದಲೂ ಈ ಊರಿಗೆ ಪುಸ್ತಕದ ನಂಟು ಗಟ್ಟಿ. ಇಲ್ಲಿನ ರಾಮಮೋಹನ ಗ್ರಂಥಾಲಯ 1911ರದು. ಆಂಧ್ರದ ಗ್ರಂಥಾಲಯಗಳೆಲ್ಲ ಒಂದು ಸಂಘವಾಗಿ ಕೂಡಿಕೊಂಡಿದ್ದು 1914ರ ಏಪ್ರಿಲ್‌ನಲ್ಲಿ, ಇದೇ ಊರಿನಲ್ಲಿ. ಈಗಲೂ ಹೊಸ ವರ್ಷ ಬಂತೆಂದರೆ ಇಲ್ಲಿ ಪುಸ್ತಕದ ಜಾತ್ರೆ.

ಇಂಥ ಊರಿನಲ್ಲಿ ಒಂದು ವಿಚಿತ್ರ ಕಾಣಸಿಗುತ್ತದೆ. 1911ರಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕಿದ ಪುಸ್ತಕವನ್ನು ಓದಲು ಕಣ್ಣು ಮತ್ತು ಬೆಳಕು ಸಾಕು. 1999ರಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿದ ಪುಸ್ತಕದ ಮೂಲ ಫೈಲನ್ನು ತೆರೆಯಬೇಕಾದರೆ ಆ ಕಾಲದ ತಂತ್ರಾಂಶ ಬೇಕು, ಆ ಕಾಲದ ಫಾಂಟು ಬೇಕು, ಕೆಲವೊಮ್ಮೆ ಆ ಕಾಲದ ಕಂಪ್ಯೂಟರೇ ಬೇಕು. ಅಚ್ಚಾದ ಪ್ರತಿ ಸಿಕ್ಕರೆ ಓದಬಹುದು, ನಿಜ. ಆದರೆ ಮರುಮುದ್ರಣಕ್ಕೆ, ಇ-ಪುಸ್ತಕಕ್ಕೆ, ಒಂದು ಪದ ಎಲ್ಲಿದೆ ಎಂದು ಹುಡುಕುವುದಕ್ಕೆ ಫೈಲೇ ಆಗಬೇಕು. ಅದು ತೆರೆಯದಿದ್ದರೆ ಇಡೀ ಪುಸ್ತಕವನ್ನು ಮತ್ತೆ ಟೈಪು ಮಾಡಿ, ಮತ್ತೆ ಕರಡು ತಿದ್ದಬೇಕು.

ಇದು ಪೇಜ್‌ಮೇಕರ್ ಎಂಬ ತಂತ್ರಾಂಶದ ಕಥೆ. ಅಮೆರಿಕದ ಆಲ್ಡಸ್ ಎಂಬ ಕಂಪನಿ 1985ರಲ್ಲಿ ಇದನ್ನು ಹೊರತಂದಿತು. ಡೆಸ್ಕ್‌ಟಾಪ್ ಪಬ್ಲಿಷಿಂಗ್ ಎಂಬ ಮಾತು, ಅಂದರೆ ನಮ್ಮ ‘ಡಿಟಿಪಿ’, ಜನರ ಬಾಯಿಗೆ ಬಂದದ್ದು ಇದರ ಜೊತೆಗೇ. ಕಂಪನಿ ತನಗಿಟ್ಟುಕೊಂಡದ್ದು ವೆನಿಸ್ಸಿನ ಮುದ್ರಕ ಆಲ್ಡಸ್ ಮನುಟಿಯಸ್‌ನ ಹೆಸರು. 1501ರಿಂದ ಆತ ವರ್ಜಿಲ್ ಮೊದಲಾದವರ ಕೃತಿಗಳನ್ನು ಕೈಯಲ್ಲಿ ಹಿಡಿದು ಓಡಾಡುವಷ್ಟು ಚಿಕ್ಕ ಗಾತ್ರದಲ್ಲಿ ಅಚ್ಚು ಹಾಕಿದವನು. 1994ರಲ್ಲಿ ಅಡೋಬಿ ಕಂಪನಿ ಆಲ್ಡಸ್ಸನ್ನು ಕೊಂಡಿತು. 2001ರಲ್ಲಿ ಪೇಜ್‌ಮೇಕರ್ 7.0 ಬಂತು. ಅದೇ ಕೊನೆಯದು. ಅದನ್ನು ಇನ್ನು ಬೆಳೆಸುವುದಿಲ್ಲವೆಂದು 2004ರಲ್ಲಿ ಅಡೋಬಿ ಹೇಳಿತು; ಅದರ ಜಾಗಕ್ಕೆ ಇನ್‌ಡಿಸೈನ್ ಆಗಲೇ ಬಂದಿತ್ತು.

ಅಮೆರಿಕದಲ್ಲಿ ಮುಗಿದ ಈ ಕಥೆ ಆಂಧ್ರದಲ್ಲಿ ಮುಗಿಯಲಿಲ್ಲ, ಕರ್ನಾಟಕದಲ್ಲೂ ಮುಗಿಯಲಿಲ್ಲ. ಡಿಟಿಪಿಯವರು ಹಳತಕ್ಕೆ ಜೋತುಬಿದ್ದವರು ಎಂದು ಇದನ್ನು ವಿವರಿಸುವುದು ಸುಲಭ, ಆದರೆ ಅದು ಸರಿಯಲ್ಲ. ಅಸಲು ಕಾರಣ ಬೇರೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡ ಮತ್ತು ತೆಲುಗಿಗೆ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡಕ್ಕೆ ‘ತುಂಗಾ’, ತೆಲುಗಿಗೆ ‘ಗೌತಮಿ’ ಎಂಬ ಯೂನಿಕೋಡ್ ಫಾಂಟುಗಳನ್ನು ಹೊತ್ತುಕೊಂಡೇ ಬಂತು. ಆದರೆ ಪುಟ ಕಟ್ಟುವ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಇನ್‌ಡಿಸೈನಿಗೆ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂರಿಸುವ ಶಕ್ತಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ನಡುವಿನ 11 ವರ್ಷ ಪುಸ್ತಕಗಳು ನಿಲ್ಲಲಿಲ್ಲ. ಲಗ್ನಪತ್ರಿಕೆ, ಪಂಚಾಂಗ, ಗೈಡು, ಕಾದಂಬರಿ ಎಲ್ಲವೂ ಪೇಜ್‌ಮೇಕರಿನಲ್ಲೇ ಆದವು. ತೆಲುಗಿನಲ್ಲಿ ಅದರ ಜೊತೆಗೆ ‘ಅನು ಸ್ಕ್ರಿಪ್ಟ್ ಮ್ಯಾನೇಜರ್’, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ‘ಶ್ರೀಲಿಪಿ’ ಮುಂತಾದವು ಇದ್ದವು. ಕನ್ನಡದಲ್ಲಿ ಶ್ರೀಲಿಪಿ, ಬರಹ, ನುಡಿ. ಹೊಸ ತಂತ್ರಾಂಶ ತಯಾರಾಗುವ ಹೊತ್ತಿಗೆ ಒಂದು ತಲೆಮಾರಿನ ಕೈಬೆರಳುಗಳು ಹಳೆಯ ಕೀಲಿಮಣೆಗೆ ಪಳಗಿಹೋಗಿದ್ದವು. ತೆಲುಗು ಡಿಟಿಪಿಯವರಲ್ಲಿ ಇವತ್ತಿಗೂ ‘ಆ್ಯಪಲ್ ಕೀಬೋರ್ಡ್’, ‘ಮಾಡ್ಯುಲರ್ ಕೀಬೋರ್ಡ್’ ಎಂಬ ಹೆಸರುಗಳು ಓಡಾಡುತ್ತವೆ. ಅವು ಯಂತ್ರದ ಹೆಸರುಗಳಲ್ಲ, ಯಾವ ಅಕ್ಷರ ಯಾವ ಕೀಲಿಯಲ್ಲಿದೆ ಎಂಬ ಜೋಡಣೆಯ ಹೆಸರುಗಳು.

ಹೀಗೆ ಉಳಿದುಕೊಂಡ ಪೇಜ್‌ಮೇಕರ್ ಕ್ರಮೇಣ ಪೆನ್‌ಡ್ರೈವಿಗೆ ಇಳಿಯಿತು. ಸಾಮಾನ್ಯವಾಗಿ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿದಾಗ ಅದು ತನ್ನ ವಿವರಗಳನ್ನು ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಬೇರೆ ಬೇರೆ ಫೋಲ್ಡರುಗಳಲ್ಲಿ ಹರಡಿಡುತ್ತದೆ. ‘ಪೋರ್ಟಬಲ್’ ರೂಪದಲ್ಲಿ ಇವೆಲ್ಲ ಒಂದೇ ಗಂಟಿನಲ್ಲಿರುತ್ತವೆ. ಗಂಟನ್ನು ಯಾವ ಕಂಪ್ಯೂಟರಿಗೆ ಚುಚ್ಚಿದರೂ ಕೆಲಸ ಶುರು. ಪೇಜ್‌ಮೇಕರಿನ ಇಂಥ ರೂಪವನ್ನು ಅಡೋಬಿ ಕೊಟ್ಟಿದ್ದಲ್ಲ, ಯಾರೋ ಕಟ್ಟಿ ಹಂಚಿದ್ದು. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ನೆಲೆಯಿಲ್ಲ. ಆದರೆ ಮಾರುವವರೇ ಅಂಗಡಿ ಮುಚ್ಚಿದ ಮೇಲೆ, ಹಳೆಯ ಫೈಲು ಹಿಡಿದು ನಿಂತ ಪ್ರಕಾಶಕರಿಗೆ ಬೇರೆ ದಾರಿಯೂ ಹೆಚ್ಚಿರಲಿಲ್ಲ.

ಪೆನ್‌ಡ್ರೈವಿನಲ್ಲಿದ್ದ ಮಾತ್ರಕ್ಕೆ ತಂತ್ರಾಂಶ ಚಿರಂಜೀವಿಯಾಗುವುದಿಲ್ಲ. 64 ಬಿಟ್ ವಿಂಡೋಸ್ 16 ಬಿಟ್‌ನ ತಂತ್ರಾಂಶಗಳನ್ನು ಓಡಿಸುವುದಿಲ್ಲ. 2021ರ ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ. ಹಾಗಾಗಿ ವಿಂಡೋಸ್ 3.1ರ ಕಾಲದ್ದು ಅದರಲ್ಲಿ ನೇರವಾಗಿ ತೆರೆಯದು. ಪೇಜ್‌ಮೇಕರ್ 7.0 ಮಾತ್ರ 32 ಬಿಟ್‌ನದಾದ್ದರಿಂದ ಇನ್ನೂ ಕುಂಟುತ್ತ ಓಡುತ್ತದೆ. ಭಾರತೀಯ ಭಾಷೆಗಳ ಕೆಲವು ತಂತ್ರಾಂಶಗಳಿಗೆ ನಕಲು ತಡೆಯಲು ಹಾರ್ಡ್‌ವೇರ್ ಲಾಕ್ ಇತ್ತು, ಕಂಪ್ಯೂಟರಿನ ಬೆನ್ನಿಗೆ ಚುಚ್ಚುವ ಒಂದು ಗುಬುಟು. ಹಳೆಯ ಲಾಕು ಪ್ರಿಂಟರಿನ 25 ಪಿನ್ನುಗಳ ಪೋರ್ಟಿಗೆ ಹೊಂದುವಂಥದ್ದು. ಈಗಿನ ಕಂಪ್ಯೂಟರುಗಳಲ್ಲಿ ಆ ಪೋರ್ಟು ಕಾಣುವುದೇ ಅಪರೂಪ. ದುಡ್ಡು ಕೊಟ್ಟು ಕೊಂಡ ತಂತ್ರಾಂಶ ಬೀರುವಿನಲ್ಲಿದೆ, ಲಾಕೂ ಇದೆ, ಚುಚ್ಚಲು ಜಾಗವಿಲ್ಲ. ಫಾಂಟಿನ ಪಾಡೂ ಇದೇ. 90ರ ದಶಕದಲ್ಲಿ ಮುದ್ರಣದವರು ನೆಚ್ಚಿದ್ದ ‘ಟೈಪ್ 1’ ಮಾದರಿಯ ಫಾಂಟುಗಳಿಗೆ ಅಡೋಬಿ 2023ರ ಜನವರಿಯಲ್ಲಿ ತನ್ನ ತಂತ್ರಾಂಶಗಳಲ್ಲಿ ಬಾಗಿಲು ಹಾಕಿತು.

ಫಾಂಟು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಕನ್ನಡದವರಿಗೆ ಹೊಸದೇನಲ್ಲ. ನುಡಿಯಲ್ಲಿ ಟೈಪಿಸಿದ ‘ಕನ್ನಡ’ ಎಂಬ ಪದ, ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಹೀಗೆ ಕಾಣುತ್ತದೆ: ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಒಂದು ಕ್ಯೂ, ಮತ್ತೆ ಎ. ಫೈಲಿನಲ್ಲಿ ಕನ್ನಡ ಎಂಬುದು ಇಲ್ಲವೇ ಇಲ್ಲ. ಇಂಗ್ಲಿಷ್ ಮೊದಲಾದ ಯುರೋಪಿನ ಅಕ್ಷರಗಳ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದರು. ಯಾವ ತುಂಡು ಯಾವ ಮನೆಯಲ್ಲಿದೆ ಎಂಬುದು ಗೊತ್ತಿದ್ದದ್ದು ಫಾಂಟಿಗೆ ಮಾತ್ರ. ಮೇಲಾಗಿ ತುಂಡುಗಳು ಸಾಲುಗಟ್ಟಿದ್ದು ಉಚ್ಚಾರಣೆಯ ಕ್ರಮದಲ್ಲಲ್ಲ, ಕಣ್ಣಿಗೆ ಕಾಣುವ ಕ್ರಮದಲ್ಲಿ. ‘ಧರ್ಮ’ದಲ್ಲಿ ನಾವು ಮೊದಲು ಉಚ್ಚರಿಸುವುದು ‘ರ’ಕಾರ, ಆಮೇಲೆ ‘ಮ’ಕಾರ. ಹಳೆಯ ಫೈಲಿನಲ್ಲಿ ಮೊದಲು ‘ಮ’, ಅದರ ಹಿಂದೆ ಅರ್ಕಾವೊತ್ತು. ಆದ್ದರಿಂದ ಯೂನಿಕೋಡಿಗೆ ಬದಲಿಸುವವರು ಒಂದು ಗುರುತಿನ ಬದಲು ಇನ್ನೊಂದನ್ನು ಇಟ್ಟರೆ ಸಾಲದು, ತುಂಡುಗಳ ಹಿಂದುಮುಂದನ್ನೂ ಸರಿಪಡಿಸಬೇಕು.

ಇಲ್ಲಿ ಕರ್ನಾಟಕ ಮತ್ತು ಆಂಧ್ರದ ದಾರಿಗಳು ಬೇರೆಯಾಗುತ್ತವೆ. ಕರ್ನಾಟಕದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಆಧಾರವಾಯಿತು. ಸರ್ಕಾರ ಫಾಂಟಿನ ಸಂಕೇತಗಳಿಗೂ ಒಂದು ಶಿಷ್ಟತೆ ಗೊತ್ತುಮಾಡಿತು. ಕನ್ನಡ ಗಣಕ ಪರಿಷತ್ತಿನ ನುಡಿ ಅದನ್ನು ಉಚಿತವಾಗಿ ಊರೂರಿಗೆ ಮುಟ್ಟಿಸಿತು. ಶೇಷಾದ್ರಿವಾಸು ಅವರ ಬರಹವೂ ಈ ಸಂಕೇತಗಳಿಗೆ ಹೊಂದಿಕೊಂಡಿತು. ಇದರ ಬಗ್ಗೆ ಆಗ ಬೇಕಾದಷ್ಟು ಜಗಳಗಳಾದವು. ಆದರೆ ಫಲ ಕಂಡದ್ದು ತಡವಾಗಿ: ಬಹುಪಾಲು ಹಳೆಯ ಕನ್ನಡ ಫೈಲುಗಳಿಗೆ ಒಂದೇ ಪರಿವರ್ತನೆಯ ಕೋಷ್ಟಕ ಸಾಕಾಯಿತು. ಅದನ್ನು ಬಳಸಿ ಆಸಕ್ತರು ಉಚಿತ ಪರಿವರ್ತಕಗಳನ್ನು ಬರೆದರು. ತೆಲುಗಿನ ಡಿಟಿಪಿಯಲ್ಲಿ ಮೇಲುಗೈ ಕಂಪನಿಗಳದು. ಅವುಗಳ ಫಾಂಟುಗಳು ಚೆಲುವಾಗಿದ್ದವು, ಬಗೆಬಗೆಯಾಗಿದ್ದವು. ಆದರೆ ಒಬ್ಬೊಬ್ಬರ ಮನೆ ಹಂಚಿಕೆ ಒಂದೊಂದು ಬಗೆ. ಅನುವಿನ ಪಠ್ಯಕ್ಕೆ ಒಂದು ಕೋಷ್ಟಕ, ಶ್ರೀಲಿಪಿಗೆ ಇನ್ನೊಂದು.

ಈ ತೊಡಕು ಪುಸ್ತಕಕ್ಕೆ ಮಾತ್ರ ಸೀಮಿತವಾಗಿರಲಿಲ್ಲ, ಪತ್ರಿಕೆಗೂ ಇತ್ತು. ಅದಕ್ಕಾಗಿ ವಿಶಾಖಪಟ್ಟಣದ ಕಡೆ ನೋಡಬೇಕು. ಎರಡು ಊರಿಗೂ ಹಳೆಯ ಸಂಬಂಧವಿದೆ: ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಬೆಜವಾಡದಲ್ಲಿ ಶುರುವಾಗಿ, 1930ರಲ್ಲಿ ವಿಶಾಖಪಟ್ಟಣದ ವಾಲ್ತೇರಿಗೆ ಹೋಯಿತು. ‘ಈನಾಡು’ ಪತ್ರಿಕೆ 1974ರ ಆಗಸ್ಟ್ 10ರಂದು ಹುಟ್ಟಿದ್ದು ಈ ವಿಶಾಖಪಟ್ಟಣದಲ್ಲಿ. ಮುಂದೆ ಅದು ಅಂತರಜಾಲಕ್ಕೆ ಬಂದಾಗ ತನ್ನದೇ ಫಾಂಟು ಬಳಸಿತು. ಆ ಕಾಲದ ಇಂಥ ‘ಡೈನಮಿಕ್ ಫಾಂಟು’ಗಳನ್ನು ಸರಿಯಾಗಿ ತೋರಿಸುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್. ಬೇರೆ ಬ್ರೌಸರಿನವರಿಗಾಗಿ ‘ಪದ್ಮ’ ಎಂಬ ಫೈರ್‌ಫಾಕ್ಸ್ ವಿಸ್ತರಣೆ ಬಂತು; ತೆಲುಗೂ ಸೇರಿ ಹಲವು ಭಾಷೆಗಳ ಹಳೆಯ ಫಾಂಟಿನ ಪುಟಗಳನ್ನು ಅದು ಓದುವಾಗಲೇ ಯೂನಿಕೋಡಿಗೆ ತಿರುಗಿಸುತ್ತಿತ್ತು. 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ಬಗೆಯ ವಿಸ್ತರಣೆಗಳನ್ನೆಲ್ಲ ಕೈಬಿಟ್ಟಿತು. 2022ರ ಜೂನಿನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ನಿವೃತ್ತವಾಯಿತು. ಬೀಗವೂ ಹೋಯಿತು, ಬೀಗ ತೆಗೆಯಲು ಮಾಡಿದ ಕೀಲಿಯೂ ಹೋಯಿತು. ಹಳೆಯದನ್ನು ಉಳಿಸುವ ತಂತ್ರಾಂಶಕ್ಕೂ ವಯಸ್ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈಗ ತೆಲುಗಿನಲ್ಲಿ ಮುಕ್ತವಾಗಿ ಸಿಗುವ ಯೂನಿಕೋಡ್ ಫಾಂಟುಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಒಂದರ ಹೆಸರು ‘ಗಿಡುಗು’, ಇನ್ನೊಂದು ‘ಗುರಜಾಡ’. ಇಬ್ಬರೂ ವಿಶಾಖಪಟ್ಟಣದ ಆಚೆಯ ಉತ್ತರಾಂಧ್ರದವರು, ಆಡುಮಾತನ್ನು ಬರಹಕ್ಕೆ ತರಲು ಹೋರಾಡಿದವರು. ಹೊಸ ಪುಸ್ತಕಗಳಿಗೆ ದಾರಿ ಸುಗಮವಾಗಿದೆ. ಆತಂಕ ಇರುವುದು ನಡುವಿನ ಕಾಲದ ಬಗ್ಗೆ, ಮೊಳೆ ಹೋಗಿ ಯೂನಿಕೋಡ್ ಬರುವವರೆಗಿನ ಸುಮಾರು ಎರಡು ದಶಕಗಳ ಬಗ್ಗೆ.

ಪೋರ್ಟಬಲ್ ಪೇಜ್‌ಮೇಕರಿನ ಅಸಲಿ ಬೆಲೆ ಇರುವುದು ಇಲ್ಲಿ. ಅದರಲ್ಲಿ ಹೊಸ ಪುಸ್ತಕ ಕಟ್ಟುವುದು ಸಾಲವನ್ನು ಬೆಳೆಸಿದಂತೆ. ಹಳೆಯ ಪುಸ್ತಕವನ್ನು ಹೊರಗೆ ತರುವುದು ಸಾಲ ತೀರಿಸಿದಂತೆ. ಅದು ಓಡುತ್ತಿರುವಾಗಲೇ ಮಾಡಬೇಕಾದ ಕೆಲಸಗಳಿವೆ. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟು ಎಲ್ಲವನ್ನೂ ಒಂದು ವರ್ಚುವಲ್ ಮಷೀನಿನೊಳಗೆ, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರಿನಲ್ಲಿ, ಒಟ್ಟಿಗೆ ಕೂರಿಸಿಟ್ಟರೆ ಹೊರಗಿನ ವಿಂಡೋಸ್ ಬದಲಾದರೂ ಒಳಗಿನದು ಹಾಗೇ ಇರುತ್ತದೆ. ಯಾವ ಫೈಲಿಗೆ ಯಾವ ಫಾಂಟು, ಯಾವ ಆವೃತ್ತಿ ಎಂದು ಬರೆದಿಡುವುದು ಇನ್ನೂ ಮುಖ್ಯ. ಫಾಂಟಿನ ಹೆಸರು ಕಳೆದುಹೋದರೆ ಯಾವ ಕೋಷ್ಟಕ ಹಿಡಿಯಬೇಕೆಂಬುದೇ ತಿಳಿಯದು. ಪ್ರತಿ ಪುಸ್ತಕದ ಪಿಡಿಎಫ್ ತೆಗೆದಿಟ್ಟರೆ ಪುಟದ ರೂಪ ಉಳಿಯುತ್ತದೆ, ಆದರೆ ಅದರೊಳಗಿನ ಅಕ್ಷರ ಇನ್ನೂ ಬಾಡಿಗೆ ಮನೆಯಲ್ಲೇ ಇರುತ್ತದೆ. ಅದನ್ನು ಯೂನಿಕೋಡಿಗೆ ತರಬೇಕು, ತಂದ ಮೇಲೆ ಅಚ್ಚಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬರು ಕೂತು ಓದಬೇಕು. ಒತ್ತು ತಪ್ಪಿದ್ದು, ದೀರ್ಘ ಬಿದ್ದುಹೋಗಿದ್ದು ಯಾವ ಪರಿವರ್ತಕಕ್ಕೂ ಪೂರ್ತಿ ಕಾಣುವುದಿಲ್ಲ.

ಆ ಕೊನೆಯ ಕೆಲಸಕ್ಕೆ ಬೇಕಾದವರು ಈಗ ಇದ್ದಾರೆ. 90ರ ದಶಕದಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಡಿಟಿಪಿ ಕಲಿತವರಿಗೆ ಈಗ ಐವತ್ತು ದಾಟುತ್ತಿದೆ. ಯಾವ ಫಾಂಟಿನಲ್ಲಿ ಯಾವ ಒತ್ತು ಕೈಕೊಡುತ್ತಿತ್ತು ಎಂಬುದು ಅವರಿಗೆ ನೆನಪಿದೆ. ಆ ನೆನಪನ್ನು ಯಾವ ಪೆನ್‌ಡ್ರೈವಿಗೂ ನಕಲು ಮಾಡಿಕೊಳ್ಳಲು ಬರುವುದಿಲ್ಲ. ಅವರು ಕೆಲಸದಲ್ಲಿರುವಷ್ಟು ದಿನ ಮಾತ್ರ ಅದು ಸಿಗುತ್ತದೆ.