ಗಾಯಕ್ಕೆ ಸಸ್ಯ ಪ್ರೋಟೀನಿನ ಪಟ್ಟಿ

ಗಾಯ ಒಣಗಿದರೆ ಬೇಗ ಮಾಯುವುದೆಂದು ನಾವು ನಂಬುತ್ತ ಬಂದಿದ್ದೇವೆ. ಆದರೆ ತೇವ ಆರದಂತೆ ಮುಚ್ಚಿದ ಗಾಯದಲ್ಲಿ ಹೊಸ ಚರ್ಮವು ಸುಮಾರು ಇಮ್ಮಡಿ ವೇಗದಲ್ಲಿ ಹರಡುವುದನ್ನು ಜಾರ್ಜ್ ವಿಂಟರ್ ಅವರು 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಒಣಗಿ ಅಂಟಿದ ಬಟ್ಟೆಯನ್ನು ಬಿಡಿಸುವಾಗ ಆ ಎಳೆಯ ಚರ್ಮವೂ ಕಿತ್ತುಬರುತ್ತದೆ.

ಆದುದರಿಂದಲೇ ಸೋಯಾ, ಮೆಕ್ಕೆಜೋಳಗಳ ಪ್ರೋಟೀನಿನಿಂದ ಪಟ್ಟಿ ತಯಾರಿಸುವ ಸಂಶೋಧನೆಗಳು ನಡೆದಿವೆ. ಬರಿಯ ಪ್ರೋಟೀನಿನ ಪೊರೆ ಒಣಗಿದಾಗ ಪೆಡಸಾಗಿ ಮುರಿಯುತ್ತದೆ. ಪಾಲಿವಿನೈಲ್ ಆಲ್ಕೋಹಾಲಿನಂತಹ ಪಾಲಿಮರ್ ಬೆರೆತರೆ ಬಲವೂ ಬಾಗುವ ಗುಣವೂ ಬರುತ್ತವೆ. ಈ ಮಿಶ್ರಣವನ್ನು ವಿದ್ಯುತ್ತಿನ ನೆರವಿನಿಂದ ಅತಿಸೂಕ್ಷ್ಮ ಎಳೆಗಳಾಗಿಯೂ ನೂಲಬಹುದು. ವಿಕ್ರಮ್ ಸಾರಾಭಾಯಿಯವರ ಮುಂದಾಳತ್ವದಲ್ಲಿ 1947ರಲ್ಲಿ ಆರಂಭವಾದ ನಮ್ಮ ಅಹಮದಾಬಾದಿನ ಜವಳಿ ಸಂಶೋಧನಾ ಸಂಸ್ಥೆ ಅಟಿರಾ ಇಂತಹ ನ್ಯಾನೊ ಎಳೆಗಳ ಕೆಲಸವನ್ನು ಕೈಗೊಂಡಿದೆ.

ಮಧುಮೇಹಿಗಳ ಪಾದದಲ್ಲಿ ಮಾಯದೆ ಉಳಿದ ಹುಣ್ಣು ಕಾಲಿಗೇ ಎರವಾಗಬಲ್ಲುದು. ಯಾವ ಪಟ್ಟಿಯನ್ನೇ ಕಟ್ಟಲಿ, ವೈದ್ಯರಿಗೆ ತೋರಿಸಲು ನಾವು ತಡಮಾಡಬಾರದು.