ಕೆರೆ ಬದಲಾದರೆ ಕಾಲುವೆಯೂ ಬದಲಾಗಬೇಕು: ಬ್ಯಾಟರಿಯ ಕಥೆ

ಬೆಂಗಳೂರು–ಕೋಲಾರ ಹೆದ್ದಾರಿಯ ಬದಿಯ ನರಸಾಪುರದಲ್ಲಿ ಹೋಂಡಾ ಕಂಪೆನಿಯ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದದ್ದು 2013ರಲ್ಲಿ. ಅಲ್ಲಿ ತಯಾರಾದ ಎರಡು ವಿದ್ಯುತ್ ಸ್ಕೂಟರುಗಳನ್ನು ಕಂಪೆನಿಯು 2024ರ ನವೆಂಬರ್‌ನಲ್ಲಿ ಪರಿಚಯಿಸಿತು. ಒಂದು ‘ಆಕ್ಟಿವಾ ಇ’. ಅದರ ಎರಡು ಬ್ಯಾಟರಿಗಳನ್ನು ಮನೆಯಲ್ಲಿ ಚಾರ್ಜ್ ಮಾಡುವಂತಿರಲಿಲ್ಲ. ವಿನಿಮಯ ಕೇಂದ್ರದಲ್ಲಿ ಖಾಲಿಯಾದವನ್ನು ಕೊಟ್ಟು ತುಂಬಿದವನ್ನು ಪಡೆಯಬೇಕಿತ್ತು. ಇನ್ನೊಂದು ‘ಕ್ಯೂಸಿ1’. ಅದರ ಬ್ಯಾಟರಿಯನ್ನು ಹೊರತೆಗೆಯುವಂತಿರಲಿಲ್ಲ. ಮನೆಯ ಪ್ಲಗ್ಗಿನಿಂದಲೇ ಸುಮಾರು ಏಳು ಗಂಟೆ ಕಾಲ ತುಂಬಬೇಕಿತ್ತು. ಒಂದೇ ಕಾರ್ಖಾನೆಯಿಂದ ಎರಡು ಬಗೆಯ ಉತ್ತರ ಏಕೆ? ಇದನ್ನು ತಿಳಿಯಲು ಒಂದು ಶತಮಾನ ಹಿಂದಕ್ಕೆ ಹೋಗಬೇಕು.

ಕೋಲಾರದ ಸೀಮೆಗೂ ವಿದ್ಯುತ್ತಿಗೂ ಹಳೆಯ ನಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ, 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯ ಮೂಲಕ ವಿದ್ಯುತ್ ಹರಿಯಿತು. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಆದರೆ ತಂತಿಯ ವಿದ್ಯುತ್ತಿಗೆ ಒಂದು ಮಿತಿಯುಂಟು: ಉತ್ಪಾದನೆಯಾದ ಕ್ಷಣದಲ್ಲೇ ಅದು ಬಳಕೆಯಾಗಬೇಕು. ಹರಿಯುವ ನೀರನ್ನು ಕೆರೆಯಲ್ಲಿ ಹಿಡಿದಿಡುವಂತೆ ವಿದ್ಯುತ್ತನ್ನು ಹಿಡಿದಿಡಬೇಕಾದರೆ ಬ್ಯಾಟರಿ ಬೇಕು.

ಆ ಕೆರೆಯನ್ನು ಕಟ್ಟಿದವರು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸ–ಆಮ್ಲದ ಬ್ಯಾಟರಿಯನ್ನು ಅವರು 1859ರಲ್ಲಿ ರೂಪಿಸಿದರು. ಇದರ ಒಂದೊಂದು ಕೋಶವೂ ಸುಮಾರು ಎರಡು ವೋಲ್ಟ್ ಕೊಡುತ್ತದೆ. ಆರು ಕೋಶ ಸೇರಿದರೆ ಹನ್ನೆರಡು ವೋಲ್ಟಿನ ಬ್ಯಾಟರಿ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂದಿತು. ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿ, ಬ್ಯಾಟರಿ ವಾಹನದ ಅಂಗವೇ ಆಯಿತು.

ಇಲ್ಲೊಂದು ಭೇದವನ್ನು ಗಮನಿಸಬೇಕು. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಕೆಲವೇ ಸೆಕೆಂಡು ಭಾರೀ ಪ್ರವಾಹ ಕೊಡುತ್ತದೆ. ಅದರ ಸೀಸದ ಫಲಕಗಳು ತೆಳು. ದೀಪ, ಫ್ಯಾನು, ಫ್ರಿಜ್ಜುಗಳನ್ನು ಗಂಟೆಗಟ್ಟಲೆ ನಡೆಸುವ ಬ್ಯಾಟರಿಗೆ ದಪ್ಪ ಫಲಕ ಬೇಕು. ಹೀಗಾಗಿಯೇ ಜನ ಮಲಗಿ, ಅಡುಗೆ ಮಾಡಿಕೊಂಡು ಪಯಣಿಸುವ ಕ್ಯಾರವಾನ್‌ಗಳಲ್ಲಿ ಎರಡು ಬ್ಯಾಟರಿ ಇಡುತ್ತಾರೆ: ಒಂದು ಗಾಡಿಗೆ, ಇನ್ನೊಂದು ಮನೆಗೆ. ರಾತ್ರಿಯೆಲ್ಲ ಫ್ಯಾನು ತಿರುಗಿದರೂ ಬೆಳಿಗ್ಗೆ ಎಂಜಿನ್ ಚಾಲೂ ಆಗಬೇಕಲ್ಲ!

ಬ್ಯಾಟರಿಯಿಂದಲೇ ಓಡುವ ಕಾರನ್ನು ಕರ್ನಾಟಕ ಕಂಡದ್ದು 2001ರಲ್ಲಿ. ಕೋಲಾರದ ಚಿನ್ನದ ಗಣಿ ಮುಚ್ಚಿದ ವರ್ಷವೇ ಚೇತನ್ ಮೈನಿ ಅವರ ‘ರೇವಾ’ ಬೆಂಗಳೂರಿನ ರಸ್ತೆಗಿಳಿಯಿತು. ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸೇರಿ 48 ವೋಲ್ಟ್. ಪೂರ್ತಿ ತುಂಬಲು ಎಂಟು ಗಂಟೆ, ಓಟ ಸುಮಾರು 80 ಕಿಲೋಮೀಟರ್. ಸೀಸದ ಭಾರ ಮತ್ತು ಕೆಲವೇ ವರ್ಷಕ್ಕೊಮ್ಮೆ ಇಡೀ ಸೆಟ್ಟನ್ನು ಬದಲಿಸುವ ಖರ್ಚು ಅದನ್ನು ಕಾಡಿದವು. 2009ರಲ್ಲಿ ರೇವಾದ ಲಿಥಿಯಂ ಮಾದರಿ ಬಂದಿತು.

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಕಂಪೆನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದರ ಆಯುಸ್ಸು ಬೇಗ ಕುಗ್ಗುತ್ತದೆ. ಲಿಥಿಯಂ ಬ್ಯಾಟರಿಯ ಬಹುಭಾಗವನ್ನು ಬಳಸಬಹುದು, ತೂಕವೂ ಕಡಿಮೆ.

ಆದರೆ ಕೋಲಾರದ ರೈತನಿಗೆ ಹೇಳಿಕೊಡಬೇಕಿಲ್ಲ: ಕೆರೆ ದೊಡ್ಡದಾದರೆ ಸಾಲದು, ಕಾಲುವೆ, ತೂಬು, ಕೋಡಿ ಎಲ್ಲವೂ ಅದಕ್ಕೆ ತಕ್ಕಂತಿರಬೇಕು. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ಪ್ರವಾಹವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯಾದರೋ ಬಹುಮಟ್ಟಿಗೆ ತುಂಬುವವರೆಗೂ ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ. ವಾಹನದ ಆಲ್ಟರ್ನೇಟರಿಗೆ ಅದನ್ನು ನೇರವಾಗಿ ಜೋಡಿಸಿದರೆ ಆಲ್ಟರ್ನೇಟರ್ ಕಾದು ಕೆಡಬಹುದು. ನಡುವೆ ಪ್ರವಾಹವನ್ನು ಹತೋಟಿಯಲ್ಲಿಡುವ ಚಾರ್ಜರ್ ಬೇಕು. ಕೋಶಗಳನ್ನು ಒಂದೊಂದಾಗಿ ಕಾಯುವ, ಅಪಾಯ ಕಂಡಾಗ ಸಂಪರ್ಕ ಕಡಿಯುವ ವಿದ್ಯುನ್ಮಾನ ವ್ಯವಸ್ಥೆಯೂ ಬೇಕು. ಮನೆಯ ಹಳೆಯ ಇನ್ವರ್ಟರಿಗೆ ಲಿಥಿಯಂ ಬ್ಯಾಟರಿ ಹಾಕಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಇನ್ವರ್ಟರ್ ಲಿಥಿಯಂಗೆ ಹೊಂದುತ್ತದೆಯೇ ಎಂದು ಮೊದಲು ಕೇಳಿ ತಿಳಿಯುವುದು ಲೇಸು.

ಹಳೆಯದರ ಗತಿಯೇನು ಎಂಬುದೂ ಮುಖ್ಯ. ಸೀಸ ವಿಷ, ಮಕ್ಕಳ ಮಿದುಳಿಗೆ ವಿಶೇಷವಾಗಿ ಹಾನಿಕರ. ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ನಿಯಮಗಳನ್ನು ಭಾರತ 2001ರಲ್ಲಿ ತಂದಿತು. 2022ರ ಹೊಸ ನಿಯಮಗಳು ಲಿಥಿಯಂ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಂಡರೆ ಆ ವಿಷ ಯಾರದೋ ಹಿತ್ತಲಿನ ಮಣ್ಣಿಗೆ ಸೇರುತ್ತದೆ.

ನರಸಾಪುರದ ಎರಡು ಸ್ಕೂಟರುಗಳ ಅರ್ಥ ಈಗ ಸ್ಪಷ್ಟವಾದೀತು. ಸ್ವಂತ ಅಂಗಳವೂ ಪ್ಲಗ್ಗೂ ಇರುವವರು ರಾತ್ರಿಯೆಲ್ಲ ಚಾರ್ಜ್ ಮಾಡಿಕೊಳ್ಳಬಹುದು. ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿರುವವರಿಗೆ ವಿನಿಮಯ ಕೇಂದ್ರ ಬೇಕು; ಅದು ಹತ್ತಿರದಲ್ಲಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಬ್ಯಾಟರಿಯಿದ್ದೂ ಪ್ರಯೋಜನವಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರಕ್ಕೆ ಉಪಯೋಗಕ್ಕೆ ಬಂದದ್ದು ತಂತಿ ಎಳೆದಿದ್ದರಿಂದ. ಬ್ಯಾಟರಿಯ ಕಾಲದಲ್ಲೂ ಆ ನಿಯಮ ಬದಲಾಗಿಲ್ಲ.